ತಗ್ಗು

ರೋಣ ತಾಲ್ಲೂಕಿನ ಮೆಣಸಗಿ ಕಡೆಯವರಿಗೆ ತಗ್ಗು ಎಂದರೆ ಮೊದಲು ನೆಲ. ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿದಾಗ ನೀರು ಮೊದಲು ಹೊಗುವುದು ತಗ್ಗಿನ ಮನೆಗೆ. 2009ರಲ್ಲೂ 2019ರಲ್ಲೂ ತಾಲ್ಲೂಕಿನ ಹೊಳೆದಂಡೆಯ ಊರುಗಳು ಇದನ್ನು ಕಂಡವು. ಬೆಂಗಳೂರಿನವರು ರಸ್ತೆಗುಂಡಿ ಎನ್ನುವುದಕ್ಕೆ ಇಲ್ಲಿ ‘ತಗ್ಗು ಬಿದ್ದೈತಿ’ ಎನ್ನುತ್ತಾರೆ. ಜ್ವರ ತಗ್ಗುತ್ತದೆ, ಕಡಲೆ ದರ ತಗ್ಗುತ್ತದೆ, ಹೊಳೆಯೂ ಒಂದು ದಿನ ತಗ್ಗುತ್ತದೆ. ‘ಪುಷ್ಪ’ ಸಿನಿಮಾ ಬಂದ ಮೇಲೆ ಹುಡುಗರು ಗದ್ದದಡಿ ಕೈ ಒರೆಸಿ ‘ತಗ್ಗೋದೇ ಇಲ್ಲ’ ಎನ್ನತೊಡಗಿದರು. ತೆಲುಗಿನಿಂದ ಬಂದ ಮಾತು ಎಂದು ಯಾರಿಗೂ ಅನಿಸಲಿಲ್ಲ; ಪದ ಎರಡೂ ಕಡೆಯದು.

ಹಾಗೆ ತಗ್ಗದವರೂ ಭಾನುವಾರ ಚರ್ಚಿಗೆ ಹೋದರೆ ಅದೇ ಪದ ಎದುರಾಗುತ್ತದೆ. ಕನ್ನಡ ಬೈಬಲಿನಲ್ಲಿ ದೀನತೆ, ನಮ್ರತೆ ಎಲ್ಲ ಇವೆ. ಆದರೆ ಮನಸ್ಸಿಗೆ ನಾಟುವುದು ‘ತಗ್ಗಿಸಿಕೊಳ್ಳು’. ಈ ಭಾಗದಲ್ಲಿ ಸುವಾರ್ತೆ ಸಾರಲು ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ ಬಂದರು. ತಮ್ಮ ಮನಸ್ಸನ್ನು ದಿನವೂ ತಾವೇ ತಪಾಸಣೆ ಮಾಡಿಕೊಳ್ಳುವ ಪಂಥದ ಜರ್ಮನ್ ಸೀಮೆಯವರು. ಅವರ ಮಾತಿಗೆ ಕಿವಿಗೊಟ್ಟವರಲ್ಲಿ ನೇಕಾರರಿದ್ದರು. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲಮಟ್ಟದಲ್ಲಿ ಕೂತು ಲಾಳಿ ಓಡಿಸುವ ಕುಣಿಮಗ್ಗದವರಿಗೆ ತಗ್ಗಿನಲ್ಲಿ ಇರುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಅವರ ಕಸುಬು.

‘ತಗ್ಗಿಸಿಕೊಳ್ಳು’ ಎಂಬ ಮಾತು ಬರುವ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುವ ಕಥೆ ಇದೆ. ಧರ್ಮನಿಷ್ಠನೆನಿಸಿದ ಫರಿಸಾಯ ತನ್ನ ಉಪವಾಸ, ದಶಮಾಂಶಗಳ ಲೆಕ್ಕ ಒಪ್ಪಿಸುತ್ತಾನೆ. ಸುಂಕದವನು ದೂರ ನಿಂತು ಎದೆ ಬಡಿದುಕೊಳ್ಳುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ನಮ್ಮ ಗಾದೆಯ ಅನುಭವ. ಇಲ್ಲಿ ಆ ಸುಂಕದವನೇ ದುಃಖ ಹೇಳಿಕೊಳ್ಳುತ್ತಾನೆ, ನೀತಿವಂತನೆನಿಸಿ ಮನೆಗೆ ಹೋಗುವವನೂ ಅವನೇ. ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕಿರಿಯರೆಂದು ಕರೆದುಕೊಂಡ ನಾಡಿನಲ್ಲಿ ಈ ಕಥೆ ಪರಕೀಯ ಅನಿಸುವುದಿಲ್ಲ.

ತೊಂದರೆ ಇರುವುದು ‘ತಗ್ಗಿಸಿಕೊಳ್ಳು’ ಎಂಬುದರ ಆ ‘ಕೊಳ್ಳು’ವಿನಲ್ಲಿ. ತನಗೆ ತಾನೇ ಮಾಡುವುದಕ್ಕೆ ನಾವು ‘ಕೊಳ್ಳು’ ಹಚ್ಚುತ್ತೇವೆ. ಸಂತೆಯಲ್ಲಿ ಕೊಳ್ಳುವುದೂ ಅದೇ ಕೊಳ್ಳು. ತಗ್ಗಿಸಿ ಏನನ್ನೋ ಕೊಳ್ಳುವವರೂ ಇದ್ದಾರೆ. ಚರ್ಚಿನ ಸುಗ್ಗಿಹಬ್ಬದಲ್ಲಿ ಕಾಣಿಕೆಗಳ ಹರಾಜನ್ನು ನೋಡಿ. ಪೇಟೆಯಲ್ಲಿ ಹತ್ತಾರು ರೂಪಾಯಿಗೆ ಸಿಗುವ ತೆಂಗಿನಕಾಯಿ ಇಲ್ಲಿ ನೂರುಗಟ್ಟಲೆಗೆ ಏರುತ್ತದೆ. ಕೊನೆಯ ಸವಾಲು ಕೂಗಿದವರು ಮೈಕಿನವನಿಗೆ ‘ನಮ್ಮ ಹೆಸರು ಬ್ಯಾಡ್ರಿ’ ಎನ್ನುತ್ತಾರೆ, ಹಿಂದಿನ ಬೆಂಚಿಗೂ ಕೇಳುವಷ್ಟು ದನಿಯಲ್ಲಿ. ‘ನಾನು ಬರೇ ಹುಳ’ ಎಂದು ಶುರುವಾದ ಪ್ರಾರ್ಥನೆ ಕಾಲು ಗಂಟೆಯಾದರೂ ಮುಗಿಯದಿದ್ದರೆ, ಆ ಹುಳಕ್ಕೆ ಕೇಳುಗರು ಬೇಕಾಗಿದ್ದಾರೆ ಎಂದೇ ಅರ್ಥ. ಈಸ್ಟರಿಗೆ ಮುಂಚೆ ಚರ್ಚಿನಲ್ಲಿ ಪಾದ ತೊಳೆಯುವ ಗುರುವಾರದಂದು ಮನೆಯಲ್ಲೇ ಸಾಬೂನು ಹಚ್ಚಿ ಪಾದ ತಿಕ್ಕಿಕೊಂಡು ಬರುವವರನ್ನು ಮಾತ್ರ ನಾನು ಕ್ಷಮಿಸುತ್ತೇನೆ. ಅದು ಸೊಕ್ಕಲ್ಲ, ಸಂಕೋಚ.

ಇಷ್ಟಾದರೂ ತಗ್ಗಿಸಿಕೊಳ್ಳುವವನ ಹೋರಾಟ ನಿಜವಾದದ್ದು. ಸೊಕ್ಕು ಇಳಿಯಿತು ಎಂದುಕೊಂಡ ಕ್ಷಣಕ್ಕೇ ‘ನೋಡು, ಎಷ್ಟು ಇಳಿದೆ’ ಎಂದು ಅದೇ ಸೊಕ್ಕು ಬೆನ್ನು ತಟ್ಟುತ್ತದೆ. ದಿನಾ ಬೆಳಗಾದರೆ ಮತ್ತೆ ಶುರು. ಅಂಥವರನ್ನು ನೋಡಿ ನಗಲು ನನಗೆ ಮನಸ್ಸಿಲ್ಲ.

ನಾನು ಒಪ್ಪದಿರುವುದು ‘ಕೊಳ್ಳು’ ಕಳಚಿ ಬಿದ್ದ ತಗ್ಗನ್ನು. ‘ತಗ್ಗಿ ಬಗ್ಗಿ ನಡಿ’ ಎಂದು ಸೊಸೆಗೆ, ಆಳಿಗೆ, ಕೇರಿಯ ಹುಡುಗನಿಗೆ ಹೇಳುವ ಮಾತಿಗೂ ಲೂಕನ ‘ತಗ್ಗಿಸಿಕೊಳ್ಳು’ವಿಗೂ ಸಂಬಂಧವಿಲ್ಲ. ಅವರು ತಮ್ಮನ್ನು ತಗ್ಗಿಸಿಕೊಂಡಿಲ್ಲ. ಬೇರೆಯವರು ಅವರನ್ನು ತಗ್ಗಿನಲ್ಲಿ ಕೂರಿಸಿದ್ದಾರೆ. ಯೇಸು ಆ ಕಥೆ ಹೇಳಿದ್ದು ಯಾರಿಗೆ ಎಂಬುದನ್ನು ಲೂಕನೇ ಮೊದಲಿಗೆ ಬರೆದಿದ್ದಾನೆ: ತಾವೇ ನೀತಿವಂತರೆಂದು ನಂಬಿ ಉಳಿದವರನ್ನು ಕಡೆಗಣಿಸುತ್ತಿದ್ದವರಿಗೆ. ಸಭಾಪಾಲಕರೇ, ಮುಂದಿನ ಸಲ ಆ ಅಧ್ಯಾಯ ಓದುವಾಗ ದಯವಿಟ್ಟು ಮುಂದಿನ ಬೆಂಚಿನ ಕಡೆ ಮುಖ ಮಾಡಿ ಓದಿ.