ಹಿಟ್ ಅಂಡ್ ರನ್ ಪರಿಹಾರ (ಕೋಲಾರ ಜಿಲ್ಲೆ)

ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದಾಗ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಡಿ ಸಿಗುವ ಹಣ. 2022ರ ಏಪ್ರಿಲ್ 1ರಿಂದ ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಾಳುಗಳಿಗೆ 50,000 ರೂಪಾಯಿ. ಹಿಂದಿದ್ದ 25,000 ಮತ್ತು 12,500 ನಾಚಿಕೆಗೇಡಿನ ಮೊತ್ತಗಳು. ಕೋಲಾರ, ಮುಳಬಾಗಿಲು ಹಾಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡಿಹೋದ ಲಾರಿ ನಂಗಲಿ ದಾಟಿದರೆ ಆಂಧ್ರ. ಹಾಗಾಗಿ ಗಾಯಾಳುವಿಗೆ 108 ಆಂಬುಲೆನ್ಸ್ ಕರೆಸಿ, 112ಕ್ಕೆ ತಡಮಾಡದೆ ತಿಳಿಸಬೇಕು. ನಂಬರ್ ಪ್ಲೇಟಿನ ಎರಡು ಅಂಕಿ, ವಾಹನದ ಬಣ್ಣ ನೆನಪಿದ್ದರೂ ಉಪಯೋಗಕ್ಕೆ ಬರುತ್ತದೆ. ನೆರವಾದವರು ಸಾಕ್ಷಿಯಾಗಲೇಬೇಕೆಂಬ ಒತ್ತಾಯವಿಲ್ಲ. ಮಾಲೂರು, ಶ್ರೀನಿವಾಸಪುರದವರೂ ಸೇರಿ ಯಾರೇ ಆಗಲಿ, ಅರ್ಜಿ ಕೊಡಬೇಕಾದ್ದು ಅಪಘಾತ ನಡೆದ ಜಾಗದ ಕಂದಾಯ ಅಧಿಕಾರಿಗೆ, ಮಂಜೂರಾತಿ ಜಿಲ್ಲಾಧಿಕಾರಿಯದು. ಎಫ್‌ಐಆರ್, ಆಸ್ಪತ್ರೆಯ ದಾಖಲೆ ಜೋಪಾನವಾಗಿರಬೇಕು. ವಾಹನ ಸಿಕ್ಕರೆ ದಾರಿ ಬೇರೆ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ.