ಹುಲುಸು ಎಂಬ ಹೆಸರಿನ ಊರು

ಈ ವರ್ಷ ನಮ್ಮ ಕನ್ನಡ ಶಾಲೆಯಲ್ಲಿ ಕಲಿಕೆ ಮುಗಿಸಿ ಹೊರಡುತ್ತಿರುವ ಮಕ್ಕಳಿಗೆ ವಫ್ರಾ ಎಂದರೆ ಚಳಿಗಾಲದ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಗಿ ಟೊಮೇಟೊ, ಸೌತೆಕಾಯಿ ತರುವ ಜಾಗ. ಅದಕ್ಕೊಂದು ಚರಿತ್ರೆ ಇದೆ ಎಂದು ತರಗತಿಯಲ್ಲಿ ಹೇಳತೊಡಗಿದ್ದೆ, ಹೊತ್ತು ಸಾಲಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕುವೈತ್ ನಗರದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರ, ಅಹ್ಮದಿ ಪ್ರಾಂತ್ಯದ ಅಂಚಿನಲ್ಲಿ, ಸೌದಿ ಗಡಿಗೆ ಹತ್ತಿರ ಈ ಊರಿದೆ. ಅರಬ್ಬಿಯಲ್ಲಿ ‘ವಫ್ರಾ’ ಎಂದರೆ ಸಮೃದ್ಧಿ. ನಮ್ಮ ಹಳ್ಳಿ ಮಾತಿನಲ್ಲಿ ಹುಲುಸು. ವರ್ಷಕ್ಕೆ 110 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ದೇಶದಲ್ಲಿ ಇಂಥ ಹೆಸರು! ಇಲ್ಲಿ ನೆಲದಡಿ ನೀರಿದೆ. ಉಪ್ಪಾದರೂ ಬೇಸಾಯಕ್ಕೆ ಒದಗುತ್ತದೆ. ಅರಸೀಕೆರೆ, ಹೊಳಲ್ಕೆರೆ ಎಂದು ಊರ ಹೆಸರಿನಲ್ಲೇ ನೀರನ್ನು ಇಟ್ಟುಕೊಂಡಿರುವ ನಮಗೆ ಇದು ಅರ್ಥವಾಗದ ಮಾತಲ್ಲ.

1922ರ ಡಿಸೆಂಬರಿನಲ್ಲಿ ಉಖೈರ್ ಎಂಬಲ್ಲಿ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ಮುಂದೆ ನಿಂತು ಕುವೈತ್ ಮತ್ತು ನಜ್ದ್ ನಡುವೆ ಗಡಿ ಗೆರೆ ಎಳೆಸಿದರು. ಆದರೆ ಒಂಟೆ, ಕುರಿ ಹೊಡೆದುಕೊಂಡು ತಿರುಗುವ ಬದೂಯಿಗಳಿಗೆ ಗೆರೆಯೆಲ್ಲಿ? ಹಾಗಾಗಿ ನಡುವಿನ ಒಂದಿಷ್ಟು ನೆಲವನ್ನು ಇಬ್ಬರಿಗೂ ಸಮಾನ ಹಕ್ಕಿನದೆಂದು ಬಿಟ್ಟರು. ತಟಸ್ಥ ವಲಯ ಎಂದು ಪುಸ್ತಕಗಳಲ್ಲಿರುತ್ತದೆ. ನಾನಂತೂ ಎರಡು ರಾಜ್ಯಗಳ ಗೋಮಾಳ ಎನ್ನುತ್ತೇನೆ. 1953ರಲ್ಲಿ ಆ ಗೋಮಾಳದ ವಫ್ರಾದಲ್ಲಿ ಎಣ್ಣೆ ಸಿಕ್ಕಿತು. 1965ರ ಒಪ್ಪಂದದಂತೆ ನೆಲವನ್ನು ಪಾಲು ಮಾಡಿಕೊಂಡಾಗ ಉತ್ತರದ ಭಾಗ ಕುವೈತಿಗೆ ಬಂತು. ನೆಲ ಪಾಲಾಯಿತು, ಎಣ್ಣೆ ಮಾತ್ರ ಇಂದಿಗೂ ಅರ್ಧರ್ಧ.

ಇನ್ನು ಜನ. ಕುವೈತಿನ ಸುಮಾರು 49 ಲಕ್ಷ ಜನರಲ್ಲಿ ಹೆಚ್ಚಿನವರು ರಾಜಧಾನಿಯ ಸುತ್ತಲಿನ ಕರಾವಳಿಯಲ್ಲೇ ಇದ್ದಾರೆ. ವಫ್ರಾದಲ್ಲಿ ಒಂದು ವಸತಿ ಬಡಾವಣೆ ಇದೆ. ಮಿಕ್ಕಿದ್ದೆಲ್ಲ ದೂರ ದೂರದ ಮಜ್ರಾಗಳು, ಅಂದರೆ ತೋಟಗಳು. ಮಾಲೀಕರು ವಾರದ ರಜೆಗೆ ಬಂದು ಹೋಗುತ್ತಾರೆ. ವರ್ಷವಿಡೀ ಇರುವವರು ಭಾರತ, ಬಾಂಗ್ಲಾದೇಶ, ಈಜಿಪ್ಟಿನಿಂದ ಬಂದ ಕೂಲಿಯಾಳುಗಳು. ಸಂಸಾರ ಕರೆತರುವಷ್ಟು ಸಂಬಳ ಅವರಿಗಿಲ್ಲ. ಆಳುಗಳ ಬಿಡಾರದಲ್ಲಿ ಅಜ್ಜಿಯೂ ಇಲ್ಲ, ತೊಟ್ಟಿಲೂ ಇಲ್ಲ. ಇಂಥ ಊರನ್ನು ನಮ್ಮ ಹಿರಿಯರು ಊರೆಂದು ಒಪ್ಪುತ್ತಿದ್ದರೋ ಇಲ್ಲವೋ!

ಕಳೆದ ಜನವರಿಯಲ್ಲಿ ಮಕ್ಕಳೊಂದಿಗೆ ಹೋದಾಗ ಒಂದು ಮಜ್ರಾದಲ್ಲಿ ಕನ್ನಡ ಕೇಳಿ ಒಬ್ಬರು ಓಡಿ ಬಂದರು. “ಯಾವೂರವ್ವಾ ನಿಂದು?” ಎಂದು ನಮ್ಮ ಹುಡುಗಿಯೊಬ್ಬಳನ್ನು ಕೇಳಿದರು. ಅವಳು “ಸಾಲ್ಮಿಯಾ” ಎಂದಳು. ಅವರಿಗೆ ನಗು. “ನಿಮ್ದು ಅಂಕಲ್?” ಎಂದಾಗ ಥಟ್ಟನೆ “ಸಿಂದಗಿ” ಎಂದರು. ವಫ್ರಾದಲ್ಲಿ ಅವರಿಗೆ ಆಗಲೇ ಹನ್ನೆರಡು ವರ್ಷ. ಜನಗಣತಿಯ ಪಟ್ಟಿಯಲ್ಲಿ ಅವಳೂ ಅವರೂ ‘ಕುವೈತಿಯರಲ್ಲದವರು’ ಎಂಬ ಒಂದೇ ಕಾಲಂ.

ಹೊರಡುವಾಗ ಒಂದು ಚೀಲ ಸೌತೆಕಾಯಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಬೇಸಿಗೆ ಕಳೆದು ಮತ್ತೆ ಸಸಿ ನೆಡುವ ಹೊತ್ತಿಗೂ ಇಲ್ಲೇ ಇರುತ್ತಾರಂತೆ; ಇಕಾಮಾ ಇನ್ನೂ ಒಂದು ವರ್ಷ ಇದೆ.