ಗರ್ಭನಿರೋಧಕ ಗುಳಿಗೆಯೂ ರಕ್ತದ ಮೇದಸ್ಸೂ

ಆಶಾ ಕಾರ್ಯಕರ್ತೆಯರ ಕೈಯಿಂದ ನಮ್ಮ ಹಳ್ಳಿಗಳನ್ನು ತಲುಪುವ ಮಾಲಾ-ಎನ್ ಪೊಟ್ಟಣದ 28 ಗುಳಿಗೆಗಳಲ್ಲಿ 7 ಕೇವಲ ಕಬ್ಬಿಣದವು. ಉಳಿದ 21ರಲ್ಲಿ, ಒಂದೊಂದರಲ್ಲಿಯೂ, 0.15 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್ ಹಾಗೂ 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಅಡಕವಾಗಿವೆ. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವೆಂದು ಮಾನ್ಯತೆ ಪಡೆದ ಎನೋವಿಡ್ ಗುಳಿಗೆಯಲ್ಲಿದ್ದ ಈಸ್ಟ್ರೊಜೆನ್ ತೂಕದಲ್ಲಿ ಈ ಎಥಿನೈಲ್ ಈಸ್ಟ್ರಡಯಾಲಿನ ಐದು ಮಡಿಯಾಗಿತ್ತು. ಪ್ರಮಾಣವು ಇಷ್ಟು ಕ್ಷೀಣಿಸಿದ ಮೇಲೂ ಈ ಔಷಧವು ಪಿಟ್ಯುಟರಿ ಗ್ರಂಥಿಯ ಪ್ರಚೋದಕ ಸ್ರಾವಗಳನ್ನು ತಗ್ಗಿಸಿ ಅಂಡೋತ್ಸರ್ಗವನ್ನು ತಡೆಯುವುದೆಂಬುದು ಸರ್ವವಿದಿತ. ಆದರೆ ರಕ್ತಪರೀಕ್ಷೆಯ ವರದಿಯನ್ನು ಓದಬೇಕಾದವರಿಗೆ ಅಂಡಾಶಯಕ್ಕಿಂತ ಯಕೃತ್ತೇ ಹೆಚ್ಚು ವಿಚಾರಾರ್ಹವಾದ ಅಂಗ.

ಎಥಿನೈಲ್ ಈಸ್ಟ್ರಡಯಾಲ್ ಅಣುವಿನ 17ನೆಯ ಇಂಗಾಲಕ್ಕೆ ತಗುಲಿಕೊಂಡಿರುವ ಎಥಿನೈಲ್ ಗುಂಪು ಅದನ್ನು ಯಕೃತ್ತಿನ ಕಿಣ್ವಗಳಿಗೆ ಸುಲಭವಾಗಿ ವಶವಾಗಗೊಡದ ಕಾರಣ, ಆ ದ್ರವ್ಯವು ಹಾರ್ಮೋನುಗಳನ್ನು ಹೊತ್ತೊಯ್ಯುವ ಪ್ರೋಟೀನುಗಳ ಉತ್ಪತ್ತಿಯನ್ನು ಅಲ್ಲಿ ಪ್ರಬಲವಾಗಿ ಹೆಚ್ಚಿಸುತ್ತದೆ. ಆದುದರಿಂದ ಗುಳಿಗೆ ಸೇವಿಸುವವಳ ವರದಿಯಲ್ಲಿ ಒಟ್ಟು ಥೈರಾಕ್ಸಿನ್ ಏರಿದಂತೆ ಕಂಡರೂ ಅದರ ಬಂಧಮುಕ್ತ ಅಂಶವು ಪ್ರಾಯಃ ಮೊದಲಿನಂತೆಯೇ ಇರುತ್ತದೆ. ಒಟ್ಟು ಅಂಕಿಯನ್ನಷ್ಟೇ ನೋಡಿ ಥೈರಾಯ್ಡ್ ರೋಗವನ್ನು ಊಹಿಸುವುದು ಅವಸರದ ವೈದ್ಯ. ಟೆಸ್ಟೊಸ್ಟೆರೋನಿನ ಸಂಗತಿ ಬೇರೆ: ಅಂಡಾಶಯದಲ್ಲಿ ಅದರ ಉತ್ಪತ್ತಿ ಕುಗ್ಗಿ, ಉಳಿದುದೂ ಹೆಚ್ಚಾಗಿ ಬಂಧಿತವಾಗುವುದರಿಂದ ಮುಕ್ತಾಂಶವು ನಿಜವಾಗಿಯೂ ಇಳಿಯುತ್ತದೆ. ಮೊಡವೆಗಳು ಶಮನವಾಗುವುದಕ್ಕೆ ಮುಖ್ಯ ಕಾರಣ ಇದೇ.

ಮೇದಸ್ಸಿನ ವಿಷಯದಲ್ಲಿ ಗುಳಿಗೆಯ ಎರಡು ಘಟಕಗಳೂ ಪರಸ್ಪರ ವಿರುದ್ಧವಾಗಿ ವರ್ತಿಸುತ್ತವೆ. ಈಸ್ಟ್ರೊಜೆನ್ ಟ್ರೈಗ್ಲಿಸರೈಡನ್ನು ಏರಿಸಿ, ಎಲ್‌ಡಿಎಲ್ ಗ್ರಾಹಕಗಳನ್ನು ವೃದ್ಧಿಗೊಳಿಸಿ ಎಲ್‌ಡಿಎಲ್ ಅನ್ನು ಇಳಿಸುತ್ತದೆ; ಯಕೃತ್ತಿನ ಲೈಪೇಸನ್ನು ಹತ್ತಿಕ್ಕಿ ಎಚ್‌ಡಿಎಲ್ ಅನ್ನು ಹೆಚ್ಚಿಸುತ್ತದೆ. ಪುರುಷಹಾರ್ಮೋನಿನ ಗುಣವುಳ್ಳ ಲಿವೊನಾರ್ಜೆಸ್ಟ್ರೆಲ್ ಅದೇ ಲೈಪೇಸನ್ನು ಪ್ರಚೋದಿಸಿ ಈ ಏರಿಕೆಯನ್ನು ಅಳಿಸಿಹಾಕುತ್ತದೆ. 1990ರಲ್ಲಿ ಲಂಡನ್ನಿನ ಗಾಡ್ಸ್‌ಲ್ಯಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ತೌಲನಿಕ ಅಧ್ಯಯನದಲ್ಲಿ ಲಿವೊನಾರ್ಜೆಸ್ಟ್ರೆಲ್ ಸೇವಿಸಿದವರಲ್ಲಿ ಎಚ್‌ಡಿಎಲ್ ಇಳಿದಿತ್ತು, ಅದರ ಬದಲು ಹೊಸ ಡೆಸೊಜೆಸ್ಟ್ರೆಲ್ ಇರುವ ಗುಳಿಗೆ ಸೇವಿಸಿದವರಲ್ಲಿ ಏರಿತ್ತು.

ಇದನ್ನು ನೋಡಿ ಹೊಸ ಗುಳಿಗೆಯೇ ಹೃದಯಕ್ಕೆ ಹಿತವೆಂದು ಹಲವರು ಭಾವಿಸಿದುದು ಸಹಜ, ಆದರೆ ತರ್ಕಶುದ್ಧವಲ್ಲ. 1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಎಚ್ಚರಿಸಿದಂತೆ, ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ಡೆಸೊಜೆಸ್ಟ್ರೆಲ್ ಗುಳಿಗೆಗಳಲ್ಲಿ ಲಿವೊನಾರ್ಜೆಸ್ಟ್ರೆಲ್ ಗುಳಿಗೆಗಳ ಸುಮಾರು ಇಮ್ಮಡಿಯಾಗಿತ್ತು. ಅಂದವಾದ ಮೇದಸ್ಸಿನ ವರದಿ ಈ ವಿಪತ್ತಿನ ಸುಳಿವನ್ನೂ ಕೊಡಲಿಲ್ಲ. ನಾನು ಬಲ್ಲಂತೆ, ಆರೋಗ್ಯವಂತಳಾದ ತರುಣಿಗೆ ಗುಳಿಗೆಯನ್ನು ಆರಿಸುವಾಗ ಕೊಲೆಸ್ಟೆರಾಲಿಗಿಂತ ರಕ್ತದೊತ್ತಡ, ಧೂಮಪಾನ, ಹೆಪ್ಪುಗಟ್ಟುವಿಕೆಯ ಪೂರ್ವವೃತ್ತಾಂತಗಳೇ ಪ್ರಧಾನ. ಟ್ರೈಗ್ಲಿಸರೈಡ್ ಮೊದಲೇ ಅತಿಯಾಗಿರುವವಳ ಪ್ರಶ್ನೆ ಮಾತ್ರ ಪ್ರತ್ಯೇಕ. ಆಕೆಗೆ ಈಸ್ಟ್ರೊಜೆನ್ ಕೊಟ್ಟರೆ ಮೇದೋಜೀರಕ ಗ್ರಂಥಿಯ ಉರಿಯೂತವೇ ಸಂಭವಿಸಬಹುದು.